ಬೆರಳುದ್ದದ ಕಾವಲುಗಾರ

ಸುಳ್ಯ ತಾಲ್ಲೂಕಿನ ತೊಡಿಕಾನದ ಮಲ್ಲಿಕಾರ್ಜುನ ದೇವಾಲಯಕ್ಕೆ ಹೋದವರು ಮತ್ಸ್ಯತೀರ್ಥವನ್ನು ಕಾಣದೆ ಮರಳುವುದು ಅಪರೂಪ. ಹಿಡಿ ಅಕ್ಕಿ ಚೆಲ್ಲಿದರೆ ಸಾಕು, ದೊಡ್ಡ ದೊಡ್ಡ ಮೀನುಗಳು ಮುಗಿಬೀಳುತ್ತವೆ. ಅವು ದೇವರ ಮೀನುಗಳು. ಅವುಗಳಿಗೆ ಗಾಳ ಹಾಕುವುದು ನಿಷಿದ್ಧ. ಮನುಷ್ಯನ ಭಕ್ತಿಯೇ ಅವಕ್ಕೆ ಕಾವಲು.

ಸುಳ್ಯದ ಪಯಸ್ವಿನಿಯು ಚಂದ್ರಗಿರಿಯೆಂಬ ಹೆಸರಿನಿಂದ ಕಾಸರಗೋಡಿನ ಬಳಿ ಕಡಲನ್ನು ಸೇರುತ್ತದೆ. ಕಡಬದ ಕಡೆಯಿಂದ ಇಳಿದು ಬರುವ ಕುಮಾರಧಾರೆಯು ಪುತ್ತೂರು ತಾಲ್ಲೂಕಿನ ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ ಮಂಗಳೂರಿನಲ್ಲಿ ಅದೇ ಕಡಲಿಗೆ ಬೀಳುತ್ತದೆ. ಆ ಕಡಲಿನಲ್ಲಿ ಉತ್ತರಾಭಿಮುಖವಾಗಿ ಸಾಗಿದರೆ, ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಅದರ ಸುತ್ತಣ ಹವಳದ ನೆಲೆಯಲ್ಲಿ, ತನ್ನ ಸಂತತಿಗೆ ತಾನೇ ಕಾವಲಿರುವ ಮೀನೊಂದುಂಟು. ಅದರ ಹೆಸರು ಡ್ಯಾಮ್ಸೆಲ್. ಜಗತ್ತಿನಲ್ಲಿ ಈ ಕುಲದ ಬಗೆಗಳು ಸುಮಾರು 400, ಹೆಚ್ಚಿನವು ಬೆರಳುದ್ದದವು.

ಇಂಗ್ಲಿಷಿನಲ್ಲಿ ಈ ಪದಕ್ಕೆ ತರುಣಿ ಎಂದರ್ಥ. ಆದರೆ ಈ ಸಂಸಾರದಲ್ಲಿ ತೊಟ್ಟಿಲು ಕಾಯುವವನು ಗಂಡು! ಬಂಡೆಯ ಒಂದಿಷ್ಟು ಜಾಗವನ್ನು ಬಾಯಿಂದಲೇ ಕೆರೆದು ಅವನು ಶುಚಿಗೊಳಿಸುತ್ತಾನೆ. ಹೆಣ್ಣು ಬಂದು ಅಲ್ಲಿ ತತ್ತಿಗಳನ್ನು ಅಂಟಿಸಿ ಹೊರಟುಹೋಗುತ್ತದೆ. ಅಂದಿನಿಂದ ಮರಿಗಳು ಹೊರಬರುವ ತನಕ, ಕೆಲವು ದಿನಗಳ ಕಾಲ, ತಂದೆ ಆ ಜಾಗವನ್ನು ಬಿಟ್ಟು ದೂರ ಹೋಗುವುದಿಲ್ಲ. ಈಜುರೆಕ್ಕೆಯನ್ನು ಬೀಸಿ ಬೀಸಿ ತತ್ತಿಗಳಿಗೆ ಪ್ರಾಣವಾಯು ತುಂಬಿದ ಹೊಸ ನೀರನ್ನು ಒದಗಿಸುತ್ತಾನೆ. ಕೆಟ್ಟವನ್ನು ಕಿತ್ತು ತೆಗೆಯುತ್ತಾನೆ. ತನಗಿಂತ ಎಷ್ಟೋ ದೊಡ್ಡ ಮೀನು ಬಂದರೂ, ಮುಳುಗುಹಾಕಿದ ಮನುಷ್ಯನೇ ಬಂದರೂ ಎರಗಿ ಕಚ್ಚಲು ಹಿಂಜರಿಯುವುದಿಲ್ಲ.

ಮರಿಗಳೋ, ಹುಟ್ಟಿದೊಡನೆ ತೆರೆದ ಕಡಲಿಗೆ ತೇಲಿಹೋಗುತ್ತವೆ. ಬದುಕುಳಿದವು ಕೆಲವು ವಾರಗಳ ಬಳಿಕ ಹವಳದ ನೆಲೆಯನ್ನು ಅರಸಿ ಬರುತ್ತವೆ. ಬಂದಾಗ ಆ ಮನೆ ಇರಬೇಕಲ್ಲವೆ? ಬೇಸಗೆಯ ವಾಡಿಕೆಯ ಬಿಸಿಗಿಂತ ಒಂದೇ ಒಂದು ಡಿಗ್ರಿ ಹೆಚ್ಚಿ, ಅದು ಕೆಲವು ವಾರ ನಿಂತರೆ ಸಾಕು. ಹವಳವು ತನ್ನೊಳಗಿದ್ದು ತನಗೆ ಅನ್ನವಿಕ್ಕುವ ಸೂಕ್ಷ್ಮ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಬಿಸಿ ಇಳಿಯದಿದ್ದರೆ ಸತ್ತೇಹೋಗುತ್ತದೆ. ಇದೇ ಅರಬ್ಬೀ ಸಮುದ್ರದ ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹವಳಗಳಿಗೆ ಈ ಗತಿಯೊದಗಿತು.

ಬಾಯಿ ತೆರೆದು ಬರುವ ವೈರಿಯನ್ನು ಆ ಪುಟ್ಟ ತಂದೆ ಓಡಿಸಬಲ್ಲನು. ಆದರೆ ನೀರಿನ ಬಿಸಿಯನ್ನು ಕಚ್ಚುವುದೆಂತು? ಅದು ಮನುಷ್ಯನು ಉರಿಸಿದ ಕಲ್ಲಿದ್ದಲು, ಎಣ್ಣೆಗಳಿಂದ ಏರಿದ ಬಿಸಿ. ತೊಡಿಕಾನದ ಮೀನಿಗೆ ಕಾವಲು ನಿಂತ ಮನುಷ್ಯನೇ ಅಲ್ಲಿಯೂ ಕಾವಲಿಗೆ ನಿಲ್ಲಬೇಕಾಗಿದೆ. ಈ ಸಲ ತನ್ನಿಂದಲೇ ಕಾಯುವುದಕ್ಕಾಗಿ.