ಚಿತ್ರಶ್ರವಣ: ಏಕಾಕಿ ಗೂಢಚಾರನ ಸಂಗೀತ

ಗೂಢಚಾರರ ಕಥೆಯುಳ್ಳ ಚಿತ್ರಕ್ಕೆ ಕಹಳೆಗಳ ಆರ್ಭಟವೇ ತಕ್ಕ ಸಂಗೀತವೆಂದು ನಮ್ಮ ವಾಚಕರಲ್ಲಿ ಹಲವರು ಭಾವಿಸಿರಬಹುದು. ಹಾಗೆ ನಂಬಿಸಿದವರಲ್ಲಿ ಇಂಗ್ಲೆಂಡಿನ ಜಾನ್ ಬ್ಯಾರಿಯು ಅಗ್ರಗಣ್ಯನು. 1964ರ ‘ಗೋಲ್ಡ್‌ಫಿಂಗರ್’ ಚಿತ್ರದಲ್ಲಿ ಆತನು ಮೊಳಗಿಸಿದ ಹಿತ್ತಾಳೆಯ ವಾದ್ಯಗಳನ್ನು ಒಮ್ಮೆ ಕೇಳಿದವರು ಮರೆಯಲಾರರು. ಮರುವರ್ಷವೇ ಆತನು ‘ದಿ ಇಪ್ಕ್ರೆಸ್ ಫೈಲ್’ ಎಂಬ ಮತ್ತೊಂದು ಗೂಢಚಾರ ಚಿತ್ರಕ್ಕೆ ಸಂಗೀತವನ್ನು ರಚಿಸಿದನು. ಇದು ಮೆಲ್ಲನೆ ನುಡಿಯುತ್ತದೆ. ನಮಗೆ ಇದೇ ಹೆಚ್ಚಿನದೆಂದು ತೋರುತ್ತದೆ.

ಕಾರಣವು ಕಥೆಯಲ್ಲಿಯೇ ಇದೆ. ಲೆನ್ ಡೇಟನ್ನನ ಕಾದಂಬರಿಯಿಂದ ಹುಟ್ಟಿದ ಈ ಚಿತ್ರದಲ್ಲಿ ಮೈಕೇಲ್ ಕೇನ್ ಅಭಿನಯಿಸಿದ ಹ್ಯಾರಿ ಪಾಮರನು ವೀರಪುರುಷನಲ್ಲ. ಕನ್ನಡಕವಿಲ್ಲದಿದ್ದರೆ ಲೋಕವೆಲ್ಲ ಮಸುಕಾಗುವ ಸಾಮಾನ್ಯ ನೌಕರ. ಸೇನೆಯಲ್ಲಿದ್ದಾಗ ಮಾಡಿದ ಅಪರಾಧಕ್ಕೆ ಸೆರೆಮನೆ ಸೇರುವುದಕ್ಕೆ ಬದಲಾಗಿ ಈ ಕೆಲಸಕ್ಕೆ ಸಿಕ್ಕಿಬಿದ್ದವನು. ಸಂಬಳ ಕೊಂಚ ಏರಿದರೆ ಅಡುಗೆಮನೆಗೆ ಹೊಸ ಉಪಕರಣ ಕೊಳ್ಳಬಹುದೆಂದು ಲೆಕ್ಕ ಹಾಕುವವನಿಗೆ ಕಹಳೆ ಊದಿದರೆ ಅಪಹಾಸ್ಯವಾಗುತ್ತಿತ್ತಲ್ಲವೇ?

ಆದುದರಿಂದ ಬ್ಯಾರಿಯು ಸಿಂಬಲಮ್ ಎಂಬ ವಾದ್ಯವನ್ನು ಮುಂದಿಟ್ಟನು. ಇದು ಹಂಗೆರಿ ದೇಶದ ತಂತಿವಾದ್ಯ. ಕಾಶ್ಮೀರದ ಸಂತೂರಿನ ಬಂಧು. ತಂತಿಗಳನ್ನು ಎರಡು ಕಡ್ಡಿಗಳಿಂದ ಬಡಿದು ನುಡಿಸುತ್ತಾರೆ. 1874ರ ಸುಮಾರಿಗೆ ಬುಡಾಪೆಸ್ಟಿನ ಶುಂಡಾ ಎಂಬಾತನು ಇದನ್ನು ದೊಡ್ಡದು ಮಾಡಿ, ಕಾಲಿನಿಂದೊತ್ತಿ ನಾದದ ಅನುರಣನವನ್ನು ಹಿಡಿತದಲ್ಲಿಡುವ ಏರ್ಪಾಟನ್ನು ಸೇರಿಸಿದನು. ಗಾಜಿನ ಮೇಲೆ ಮಳೆಹನಿ ಬಿದ್ದಂತೆ, ಹೊಳಪಿದ್ದೂ ತಣ್ಣಗಿರುವ ದನಿ ಇದರದು. ಪಾಮರನು ಗಡಿಯಾರದ ಗಂಟೆಗೆ ಎಚ್ಚೆತ್ತು, ಕನ್ನಡಕಕ್ಕೆ ತಡಕಾಡಿ, ಕಾಫಿಯ ಬೀಜವನ್ನು ಪುಡಿಮಾಡಿಕೊಳ್ಳುತ್ತಿರುವಾಗ ಈ ನಾದ ಕೇಳಿಬರುತ್ತದೆ. ಒಬ್ಬನಿಗೆ ಸಾಲುವಷ್ಟೇ ಕಾಫಿ. ಒಬ್ಬನ ಪಾಡಿಗೆ ಒಪ್ಪುವಷ್ಟೇ ಸಂಗೀತ. (ಕಾಫಿಯನ್ನು ಇಷ್ಟು ಶ್ರದ್ಧೆಯಿಂದ ಮಾಡುವ ಗೂಢಚಾರನು ನಮ್ಮ ಮನೆಗಳಲ್ಲಿ ಬೇಗನೆ ಸ್ನೇಹಿತನಾದಾನು!)

ಬ್ಯಾರಿಯು ತಾನೇ ಟ್ರಂಪೆಟ್ ವಾದಕ. ಅಮೆರಿಕದ ಬಿಲ್ ರೂಸೋನಿಂದ ಜಾಸ್ ರಚನೆಯನ್ನು ಅಂಚೆಯ ಮೂಲಕ ಕಲಿತವನು. ಅದರ ಫಲವನ್ನು ಇಲ್ಲಿ ಕಾಣಬಹುದು. ಮುಖ್ಯ ಸ್ವರಪಂಕ್ತಿಯೊಂದೇ ಒಮ್ಮೆ ಜಾಸ್ ಲಯದಲ್ಲಿ, ಒಮ್ಮೆ ಮೂರೆಣಿಕೆಯ ತಾಳದಲ್ಲಿ, ಇನ್ನೊಮ್ಮೆ ನೀಗ್ರೋ ಜನರ ಶೋಕಗೀತಗಳಿಂದ ಬಂದ ಬ್ಲೂಸ್ ಧಾಟಿಯಲ್ಲಿ ಸುಳಿಯುತ್ತದೆ. ನಮ್ಮ ವಿದ್ವಾಂಸರು ಪಲ್ಲವಿಯೊಂದನ್ನು ಬೇರೆ ಬೇರೆ ನಡೆಗಳಲ್ಲಿ ಹಾಡಿ ತೋರುವುದನ್ನು ಬಲ್ಲವರಿಗೆ ಈ ಕುಶಲತೆ ಪರಕೀಯವೆನಿಸದು. ವೇಷ ಎಷ್ಟು ಬದಲಾದರೂ ಒಳಗಿನ ಒಂಟಿತನವು ಬದಲಾಗುವುದಿಲ್ಲ.

ಈ ಮಿತವಾದ ನಾದದ ಬೆಲೆಯು ಕಥೆಯ ಕೊನೆಯ ಭಾಗದಲ್ಲಿ ತಿಳಿಯುತ್ತದೆ. ಅಲ್ಲಿ ಶತ್ರುಗಳು ಪಾಮರನನ್ನು ಕೋಣೆಯೊಂದರಲ್ಲಿ ಕೂಡಿಹಾಕಿ, ಕಣ್ಣುಕುಕ್ಕುವ ಬೆಳಕಿನಿಂದಲೂ ಕರ್ಕಶವಾದ ಯಂತ್ರಧ್ವನಿಗಳಿಂದಲೂ ಅವನ ಬುದ್ಧಿಯನ್ನೇ ಅಳಿಸಲೆಳಸುತ್ತಾರೆ. ಅವನಾದರೋ ಮೊಳೆಯೊಂದನ್ನು ಅಂಗೈಗೆ ಒತ್ತಿಕೊಂಡು, ಆ ನೋವಿನ ಆಸರೆಯಿಂದ ತನ್ನ ಹೆಸರನ್ನು ಮರೆಯದೆ ಉಳಿಯಲು ಹೆಣಗುತ್ತಾನೆ. ಶಬ್ದವು ಇಲ್ಲಿ ಆಯುಧ. ಚಿತ್ರವನ್ನು ನೋಡುವ ಮಿತ್ರರು ಆ ದೃಶ್ಯ ಮುಗಿದ ಮೇಲೆ ಸಿಂಬಲಮ್ಮಿನ ನಾಲ್ಕು ಸ್ವರಗಳನ್ನು ಮತ್ತೊಮ್ಮೆ ಹಾಕಿ ಕೇಳಲಿ. ಕಾಫಿ ಮಾಡುತ್ತಿದ್ದ ಆ ಬೆಳಗು ಎಷ್ಟು ದೂರ ಸರಿದಿದೆಯೆಂಬುದು ಕಿವಿಗೇ ಗೊತ್ತಾಗುತ್ತದೆ.