ಅಪೂರ್ಣ ಆಟಕ್ಕೆ ಪೂರ್ಣ ಬೆಲೆಯೇ?

ದೀಪಾವಳಿಯ ರಜೆಯಲ್ಲಿ ಮಗ ಒಂದು ವಿಡಿಯೊ ಗೇಮ್ ಕೊಂಡ. ಬೆಲೆ ಮೂರು ಸಾವಿರ ರೂಪಾಯಿಗೆ ತುಸು ಕಡಿಮೆ, ಕಾರ್ಡು ನನ್ನದು. ಮರುದಿನ ಅವನ ಹಿಂದೆ ನಿಂತು ನೋಡುತ್ತಿದ್ದಾಗ ಆಟದೊಳಗಿನ ಊರಿನ ಅಂಚಿನಲ್ಲಿ ಒಂದು ಹೆಬ್ಬಾಗಿಲು ಕಂಡಿತು. ತೆರೆಯಲು ಹೋದರೆ ‘ಶೀಘ್ರದಲ್ಲೇ’ ಎಂಬ ಫಲಕ. ಬಾಗಿಲಿನಾಚೆಯ ಅರ್ಧ ರಾಜ್ಯವನ್ನು ಇನ್ನೂ ಯಾರೂ ಕಟ್ಟಿಲ್ಲವಂತೆ. “ಮೋಸ ಹೋದೆಯಲ್ಲೋ” ಎಂದೆ. “ಇಲ್ಲಪ್ಪ, ಇದು ಅರ್ಲಿ ಆಕ್ಸೆಸ್. ಮುಗಿದಿಲ್ಲ ಅಂತ ಅವರೇ ಬರೆದಿದ್ದಾರೆ. ಪೂರ್ತಿ ಆದ್ಮೇಲೆ ಮತ್ತೆ ದುಡ್ಡು ಕೊಡಬೇಕಿಲ್ಲ” ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ಸಾಹಿತ್ಯದ ಬಳಗದಲ್ಲಿ ಇದೆಂಥ ವಿಷಯವೆಂದು ಹುಬ್ಬೇರಿಸುವವರಿಗೆ ಒಂದು ಮಾತು: ನಮ್ಮ ಮನೆಯಲ್ಲಂತೂ ಕಥೆ ಕೇಳುವುದಕ್ಕೆಂದು ಖರ್ಚಾಗುವ ಹಣದಲ್ಲಿ ಪುಸ್ತಕಗಳ ಪಾಲಿಗಿಂತ ಆಟಗಳ ಪಾಲೇ ಈಗ ದೊಡ್ಡದು.

ಆಟ ಸಿದ್ಧವಾಗುವ ಮುನ್ನವೇ ಮಾರುವ ಈ ಪದ್ಧತಿಗೆ ‘ಸ್ಟೀಮ್’ ಎಂಬ ಆನ್‌ಲೈನ್ ಅಂಗಡಿ 2013ರ ಮಾರ್ಚಿನಲ್ಲಿ ಒಂದು ವಿಭಾಗವನ್ನೇ ತೆರೆಯಿತು. ಅದಕ್ಕೂ ಮೊದಲು, 2009ರಿಂದಲೇ, ‘ಮೈನ್‌ಕ್ರಾಫ್ಟ್’ ಅರೆಬರೆಯಾಗಿ ಮಾರಾಟವಾಗುತ್ತಿತ್ತು. ಆಗ ಅದರ ಬೆಲೆ ಸುಮಾರು 10 ಯೂರೊ. ಆಟ ಬೆಳೆದಂತೆ 15. 2011ರ ನವೆಂಬರಿನಲ್ಲಿ ಪೂರ್ಣಗೊಂಡಾಗ ಸುಮಾರು 20. ಮೊದಲು ನಂಬಿದವನು ಕಡಿಮೆ ಕೊಟ್ಟ. ಕನ್ನಡದ ಓದುಗರಿಗೆ ಇದು ಹೊಸತೇನಲ್ಲ. ಪ್ರಕಟಣಪೂರ್ವ ರಿಯಾಯಿತಿಯ ಹಿಂದಿರುವ ನ್ಯಾಯವೂ ಇದೇ. ಕಾಣದ ಪುಸ್ತಕಕ್ಕೆ ಹಣ ಕಳಿಸುವವನಿಗೆ ಆ ನಂಬಿಕೆಯ ಬಾಬ್ತು ಒಂದಿಷ್ಟು ಬಿಡುತ್ತಾರೆ.

ಆ ರಿಯಾಯಿತಿ ಕ್ರಮೇಣ ಮಾಯವಾಯಿತು. ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ 2’ ಎಂಬ ರಾಕೆಟ್ ಕಟ್ಟುವ ಆಟವನ್ನು ನೋಡಿ. 2019ರಲ್ಲಿ ಘೋಷಣೆಯಾದದ್ದು 2023ರ ಫೆಬ್ರವರಿಯಲ್ಲಿ ಅಪೂರ್ಣ ರೂಪದಲ್ಲೇ 49.99 ಡಾಲರಿಗೆ ಮಾರಾಟಕ್ಕೆ ಬಂತು. ಬೇರೆ ಗ್ರಹಗಳಲ್ಲಿ ವಸಾಹತು, ನಕ್ಷತ್ರದಿಂದ ನಕ್ಷತ್ರಕ್ಕೆ ಯಾನ, ಗೆಳೆಯರೊಡನೆ ಕೂಡಿ ಆಡುವ ಸೌಲಭ್ಯ ಇವೆಲ್ಲ ಮುಂದೆ ಬರುತ್ತವೆಂಬ ನೀಲನಕ್ಷೆ ಜೊತೆಗಿತ್ತು. 2024ರಲ್ಲಿ ಅದನ್ನು ಕಟ್ಟುತ್ತಿದ್ದ ಸ್ಟುಡಿಯೊವೇ ಮುಚ್ಚಿತು. ಆ ಮೂರೂ ಬರಲಿಲ್ಲ. ಆಟವನ್ನು ಮಾತ್ರ ಆ ನಂತರವೂ ಅಂಗಡಿಯಿಂದ ತೆಗೆಯಲಿಲ್ಲ.

ಅಪೂರ್ಣವಾದುದನ್ನು ಮಾರುವುದೇ ತಪ್ಪೆಂದು ಸೂರತ್ತಿನಲ್ಲಿ ಕುಳಿತು ಹೇಳಲಾಗದು. ಈ ಊರು ಬದುಕುತ್ತಿರುವುದೇ ಅಪೂರ್ಣ ವಸ್ತುಗಳ ಮೇಲೆ. ನಾವಿರುವ ಅಡಾಜಣ್ ತಾಪಿಯ ಈಚೆ ದಂಡೆ. ಹೊಳೆ ದಾಟಿದರೆ ಬಟ್ಟೆ ಮತ್ತು ವಜ್ರದ ಲೋಕ. ಮಗ್ಗದಿಂದ ಇಳಿದ, ಇನ್ನೂ ಬಣ್ಣ ಕಾಣದ ಬಟ್ಟೆಗೆ ಅಲ್ಲಿ ‘ಗ್ರೇ’ ಎನ್ನುತ್ತಾರೆ. ಅದು ಪಾಂಡೇಸರಾದಂಥ ಕಡೆಯ ಮಿಲ್ಲುಗಳಲ್ಲಿ ಬಣ್ಣ, ಅಚ್ಚು ಪಡೆದು ರಿಂಗ್ ರೋಡಿನ ಮಾರುಕಟ್ಟೆಗೆ ಸೀರೆಯಾಗಿ ಬರುತ್ತದೆ. ಗ್ರೇಗೆ ಗ್ರೇ ಬೆಲೆ, ಸೀರೆಗೆ ಸೀರೆಯ ಬೆಲೆ. ವಜ್ರದಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ಕಚ್ಚಾ ಹರಳನ್ನು ಕೊಳ್ಳುವವನು ಒಳಗಿನ ದೋಷವನ್ನು ಪೂರ್ತಿ ಕಾಣಲಾರ. ಕೊಯ್ಯುವಾಗ ಅದು ಒಡೆಯಬಹುದು. ಉಜ್ಜುವಾಗ ಅರ್ಧ ತೂಕ ಪುಡಿಯಾಗಿ ಹೋಗಬಹುದು. ಆ ಅಪಾಯವನ್ನೆಲ್ಲ ಕಳೆದೇ ಕಚ್ಚಾ ಹರಳಿಗೆ ಬೆಲೆ ಕಟ್ಟುತ್ತಾರೆ. ಅದನ್ನು ‘ತಯ್ಯಾರ್’ ವಜ್ರದ ಬೆಲೆಗೆ ಕೊಳ್ಳಿರೆಂದರೆ ಮಹಿಧರಪುರದ ಬೀದಿಯ ದಲ್ಲಾಳಿ ಚೌಕಾಶಿಗೂ ನಿಲ್ಲುವುದಿಲ್ಲ, ನಕ್ಕು ಎದ್ದುಹೋಗುತ್ತಾನೆ. ಆಟಗಳ ಮಾರುಕಟ್ಟೆಯಲ್ಲಿ ನಡೆಯುತ್ತಿರುವುದು ಇದೇ ವ್ಯಾಪಾರ: ಅಪಾಯ ಕಚ್ಚಾ ಹರಳಿನದು, ಬೆಲೆ ತಯ್ಯಾರಿನದು.

ಹೊಳೆಯ ಈಚೆಗೂ ಒಂದು ಪಾಠವಿದೆ. ನಮ್ಮ ಬಾಲ್ಕನಿಯಿಂದ ನೋಡಿದರೆ ಪಾಲ್ ಕಡೆಗೆ ಏಳುತ್ತಿರುವ ವಸತಿ ಗೋಪುರಗಳು ಕಾಣುತ್ತವೆ. ಅವುಗಳಲ್ಲಿ ಮನೆ ಕಾಯ್ದಿರಿಸುವವರು ಕೊಳ್ಳುವುದೂ ಇನ್ನೂ ಇಲ್ಲದ ವಸ್ತುವನ್ನೇ. ಕಟ್ಟದ ಮನೆಗೆ ಕಂತು, ಇರುವ ಮನೆಗೆ ಬಾಡಿಗೆ ಎಂದು ವರ್ಷಗಟ್ಟಲೆ ಎರಡನ್ನೂ ತೆತ್ತವರ ಸಂಕಟ ದೇಶದಾದ್ಯಂತ ಕೇಳಿಬಂದ ಮೇಲೆ 2016ರಲ್ಲಿ ರೇರಾ ಕಾಯ್ದೆ ಬಂತು. ನೋಂದಾಯಿತ ಕರಾರಿಲ್ಲದೆ ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕೊಂಡವರಿಂದ ಬಂದ ಹಣದಲ್ಲಿ ಶೇ. 70ನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಟ್ಟು ಆ ಯೋಜನೆಯ ಜಾಗ ಮತ್ತು ಕಟ್ಟಡಕ್ಕೇ ಬಳಸಬೇಕು. ಹೇಳಿದ ಅವಧಿಗೆ ಮನೆ ಕೊಡದಿದ್ದರೆ, ಕೊಂಡವನು ಬೇಡವೆಂದಾಗ ಬಡ್ಡಿ ಸಮೇತ ಹಣ ಹಿಂದಿರುಗಿಸಬೇಕು. ಕಾಯ್ದೆಯಿಂದ ಎಲ್ಲವೂ ಸರಿಹೋಯಿತೆಂದು ಭಾವಿಸುವಷ್ಟು ಮುಗ್ಧ ನಾನಲ್ಲ; ಕಡತಗಳ ನಡುವೆಯೇ ನನ್ನ ಜೀವನ ಸಾಗಿದೆ. ಆದರೆ ‘ಮುಗಿದಿಲ್ಲವೆಂದು ಮೊದಲೇ ಹೇಳಿದ್ದೆವಲ್ಲ’ ಎಂಬ ಒಂದೇ ಮಾತಿನಿಂದ ಮಾರಿದವನ ಹೊಣೆ ತೀರದು ಎಂಬುದನ್ನಾದರೂ ಅದು ಬರಹದಲ್ಲಿ ತಂದಿತು.

ಸ್ಟೀಮ್ ಕೊಡುವ ರಕ್ಷಣೆ ಇಷ್ಟು: ಕೊಂಡ 14 ದಿನಗಳೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ, ಹಣ ವಾಪಸು. ಜೊತೆಗೆ, ಮುಂದಿನ ಭರವಸೆಗಳನ್ನು ನೆಚ್ಚದೆ ಈಗಿರುವ ಆಟವನ್ನು ನೋಡಿ ಕೊಳ್ಳಿರಿ ಎಂಬ ಹಿತವಚನ. ಹಿತವಚನ ಒಳ್ಳೆಯದೇ. ಆದರೆ ಈಗಿರುವುದನ್ನಷ್ಟೇ ಕೊಳ್ಳಬೇಕಾದರೆ ಈಗಿರುವುದರ ಬೆಲೆಯನ್ನಷ್ಟೇ ಕೇಳಬೇಕಲ್ಲವೆ? ಪೂರ್ಣ ಬೆಲೆ ಕೇಳುವಾಗ ಭರವಸೆಯನ್ನೂ ಸೇರಿಸಿಯೇ ಮಾರಿದಂತಾಯಿತು. ಇನ್ನು, ಮಗನ ಆಟದ ಹೆಬ್ಬಾಗಿಲನ್ನು ತಲುಪಲು ಹತ್ತು ಗಂಟೆ ಆಡಬೇಕಾಗಿತ್ತು.

ಎಂ.ಎ. ತರಗತಿಯಲ್ಲಿ ಓದಿದ ಡಿಕನ್ಸ್ ಇಲ್ಲಿ ನೆನಪಾಗುತ್ತಾನೆ. ‘ದಿ ಮಿಸ್ಟರಿ ಆಫ್ ಎಡ್ವಿನ್ ಡ್ರೂಡ್’ ಕಾದಂಬರಿಯನ್ನು ಹನ್ನೆರಡು ಮಾಸಿಕ ಕಂತುಗಳಲ್ಲಿ ತರಲು ಹೊರಟವನು 1870ರ ಜೂನಿನಲ್ಲಿ ತೀರಿಕೊಂಡ. ಆರು ಕಂತುಗಳಷ್ಟೇ ಅಚ್ಚಾದವು. ಡ್ರೂಡ್‌ಗೆ ಏನಾಯಿತೆಂದು ಇಂದಿಗೂ ಗೊತ್ತಿಲ್ಲ. ಆದರೆ ಓದುಗ ಹಣ ಕೊಟ್ಟದ್ದು ಕಂತು ಕಂತಿಗೇ. ಆರು ಕಂತು ಓದಿದ, ಆರು ಕಂತಿನ ಬೆಲೆ ತೆತ್ತ. ಸಾವೇ ಬಂದು ಕೃತಿಯನ್ನು ನಿಲ್ಲಿಸಿದರೂ ಲೆಕ್ಕದಲ್ಲಿ ಯಾರೂ ಯಾರಿಗೂ ಬಾಕಿಯಿರಲಿಲ್ಲ.

ಎದುರುವಾದ ಬಲವಾದುದೇ. ‘ಬಾಲ್ಡರ್ಸ್ ಗೇಟ್ 3’ 2020ರ ಅಕ್ಟೋಬರಿನಲ್ಲಿ ಮೊದಲ ಅಂಕವನ್ನಷ್ಟೇ 59.99 ಡಾಲರಿನ ಪೂರ್ಣ ಬೆಲೆಗೆ ಮಾರಿತು; 2023ರ ಆಗಸ್ಟಿನಲ್ಲಿ ಮುಗಿದಾಗ ಜಗತ್ತು ತಲೆದೂಗಿತು. ಅಂದು ಕೊಂಡವರು ಕಳೆದುಕೊಂಡದ್ದೇನೂ ಇಲ್ಲ, ಅವರ ಆಕ್ಷೇಪಗಳಿಂದ ಆಟ ತಿದ್ದಿಕೊಂಡಿತು ಕೂಡ. ಸರಿಯೇ. ಆದರೆ ಒಬ್ಬ ಪ್ರಾಮಾಣಿಕನ ಸಾಧನೆ ಇಡೀ ಮಾರುಕಟ್ಟೆಗೆ ಜಾಮೀನಾಗಲಾರದು. ಇನ್ನೊಂದು ವಾದ ನನ್ನನ್ನು ಹೆಚ್ಚು ಕಾಡುತ್ತದೆ. ಇಬ್ಬರು ಮೂವರು ಹುಡುಗರು ಕೂಡಿ ಆಟ ಕಟ್ಟುತ್ತಿರುತ್ತಾರೆ. ಬ್ಯಾಂಕು ಅವರಿಗೆ ಸಾಲ ಕೊಡುವುದಿಲ್ಲ. ಮುಂಗಡವಾಗಿ ಬರುವ ಈ ಹಣವೇ ಅವರ ಅನ್ನ. ಅದನ್ನು ನಿಲ್ಲಿಸಿದರೆ ಉಳಿಯುವವರು ದೊಡ್ಡ ಕಂಪನಿಗಳವರೇ.

ಹಾಗಾದರೆ ಅದನ್ನು ಬಂಡವಾಳವೆಂದೇ ಕರೆಯಲಿ. ಪವನ್ ಕುಮಾರ್ ‘ಲೂಸಿಯಾ’ ಚಿತ್ರಕ್ಕೆ ನಿರ್ಮಾಪಕರು ಸಿಗದೆ ಜನರನ್ನೇ ಕೇಳಿದಾಗ 27 ದಿನಗಳಲ್ಲಿ 110 ಜನರಿಂದ ಸುಮಾರು 50 ಲಕ್ಷ ರೂಪಾಯಿ ಕೂಡಿತು; 2013ರಲ್ಲಿ ಚಿತ್ರ ತೆರೆಕಂಡಿತು. ಹಣ ಕೊಟ್ಟವರಿಗೆ ತಾವು ಹೂಡಿಕೆದಾರರೆಂದು ಗೊತ್ತಿತ್ತು. ಅವರ ಕೈಗೆ ಟಿಕೆಟ್ ಕೊಟ್ಟು ‘ಚಿತ್ರದ ಮೊದಲರ್ಧ ನೋಡಿ, ಉಳಿದದ್ದು ನೋಡೋಣ’ ಎಂದು ಯಾರೂ ಹೇಳಲಿಲ್ಲ. ಆಟದಂಗಡಿಯಲ್ಲಿ ಗಿರಾಕಿ ಹೂಡಿಕೆದಾರನ ನಷ್ಟವನ್ನು ಹೊರುತ್ತಾನೆ. ಲಾಭದ ಮಾತು ಬಂದಾಗ ಬರಿಯ ಗಿರಾಕಿ.

ಆಟ ಬೆಳೆದಂತೆ ಬೆಲೆ ಬೆಳೆಯಲಿ. ಅರ್ಧ ಆಟಕ್ಕೂ ಪೂರ್ಣ ಬೆಲೆ ಬೇಕೇಬೇಕೆನ್ನುವವರು ಅದರಲ್ಲೊಂದು ಪಾಲನ್ನು ಅಂಗಡಿಯಲ್ಲೇ ಠೇವಣಿಯಾಗಿ ಬಿಡಲಿ. ಮುಗಿಸಿದ ದಿನ ಎತ್ತಿಕೊಳ್ಳಲಿ, ಕೈಬಿಟ್ಟರೆ ಅದು ಕೊಂಡವರಿಗೆ ಹಿಂದಿರುಗಲಿ. ಪ್ರತಿ ಮಾರಾಟದ ಹಣವೂ ಅಂಗಡಿಯ ಕೈ ಹಾಯ್ದೇ ಹೋಗುವುದರಿಂದ ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ.

ಮಗನಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಮುಂದಿನ ತಿಂಗಳು ಬಾಗಿಲು ತೆಗೀತಾರಂತೆ ಅಪ್ಪ” ಎಂದ. ಆ ಮುಂದಿನ ತಿಂಗಳು ಕಳೆದು ಈಗ ಮೂರು ತಿಂಗಳಾಯಿತು. ನಿನ್ನೆ ಅಂಗಡಿಯ ಪುಟ ತೆರೆದು ನೋಡಿದೆ. ಬೆಲೆ ಒಂದು ರೂಪಾಯಿಯೂ ಇಳಿದಿಲ್ಲ.