ಗಿರಣಿಗೆ ಒಂಬತ್ತು ತಾಸು, ಲ್ಯಾಪ್‌ಟಾಪಿಗೆ ಹನ್ನೆರಡೇ?

ಐಟಿ ಹುಡುಗರ ಒತ್ತಡದ ಮಾತು ಬಂದರೆ ಸಾಕು, ಕಂಪನಿಗಳು ಯೋಗದ ಚಾಪೆ ಹಾಸುತ್ತವೆ. ತಾಸು ಕಡಿಮೆ ಮಾಡಿ ಅಂದರೆ ಮಾತ್ರ ಜಾಣಕಿವುಡು.

1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ತಿದ್ದಿ, ದಿನಕ್ಕೆ 14 ತಾಸಿನವರೆಗೆ ದುಡಿಸಿಕೊಳ್ಳುವ ಪ್ರಸ್ತಾವ ಬಂದದ್ದು 2024ರ ಜುಲೈನಲ್ಲಿ. ಉದ್ಯಮದ ಒತ್ತಡವಿದೆ ಎಂದು ಕಾರ್ಮಿಕ ಸಚಿವ ಸಂತೋಷ್ ಲಾಡ್ ಅವರೇ ಹೇಳಿದರು. ಐಟಿ ನೌಕರರ ಸಂಘ ಕಿಟು ತಿರುಗಿಬಿತ್ತು, ಮಾತು ತಣ್ಣಗಾಯಿತು. 2025ರ ಜೂನ್‌ನಲ್ಲಿ ಅದೇ ಪ್ರಸ್ತಾವ ಸ್ವಲ್ಪ ತೆಳ್ಳಗಾಗಿ ಮರಳಿತು: ದಿನಕ್ಕೆ 10 ತಾಸು, ಓವರ್‌ಟೈಮ್ ಸೇರಿ 12, ಮೂರು ತಿಂಗಳ ಓವರ್‌ಟೈಮ್ ಮಿತಿ 50ರಿಂದ 144ಕ್ಕೆ.

ಗೋಕಾಕದವರಿಗೆ ಈ ಲೆಕ್ಕ ಗೊತ್ತಿರಬೇಕು. ಫಾಲ್ಸ್ ದಂಡೆಯ ಗಿರಣಿ ಹುಟ್ಟಿದ್ದು 1885ರಲ್ಲಿ. ಜವಳಿ ಗಿರಣಿಯ ಗಂಡಾಳನ್ನು ದಿನಕ್ಕೆ 12 ತಾಸಿಗಿಂತ ಹೆಚ್ಚು ದುಡಿಸಕೂಡದೆಂದು ಬ್ರಿಟಿಷ್ ಸರ್ಕಾರ ಕಟ್ಟುಮಾಡಿದ್ದು 1911ರಲ್ಲಿ. ಮುಂದೆ 1922ರಲ್ಲಿ ಅದು 11 ಆಯಿತು, 1934ರಲ್ಲಿ 10, 1948ರ ಕಾರ್ಖಾನೆ ಕಾಯ್ದೆಯಲ್ಲಿ 9. ಅಂದರೆ ನೂಲು ತೆಗೆದ ಅಜ್ಜನಿಗೆ ಕಾನೂನು ಬಿಡಿಸಿಕೊಟ್ಟ ತಾಸುಗಳನ್ನು, ಕೋಡ್ ಬರೆಯುವ ಮೊಮ್ಮಗನಿಂದ ವಾಪಸು ಕೇಳುತ್ತಿದ್ದಾರೆ.

‘ಒಪ್ಪಿದವರಿಗಷ್ಟೇ ಓವರ್‌ಟೈಮ್’ ಎನ್ನುತ್ತಾರೆ. ಮನೆ ಕಟ್ಟಲು ಸಾಲ ಎತ್ತಿದ ಮೂಡಲಗಿಯ ಹುಡುಗ ಮ್ಯಾನೇಜರಿಗೆ ‘ಒಲ್ಲೆ’ ಅನ್ನುತ್ತಾನೆಯೇ? ಈಚೆಗೆ ಹುಕ್ಕೇರಿಯ ಒಂದು ಮದುವೆಯಲ್ಲಿ ಅಕ್ಕಿಕಾಳು ಹಾಕುವ ಹೊತ್ತಿಗೆ ಮದುಮಗಳ ಅಣ್ಣ ಕಾಣಲೇ ಇಲ್ಲ. ಉಗ್ರಾಣದಲ್ಲಿ ಸಕ್ಕರೆ ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಂತಿದ್ದ, ಹಣೆಯ ಭಂಡಾರ ಬೆವರಿಗೆ ಇಳಿಯುತ್ತಿತ್ತು. ರಜೆ ಹಾಕಿಯೇ ಬಂದಿದ್ದನಂತೆ! ಈ ತಾಸು ಯಾವ ಹಾಜರಿ ಪುಸ್ತಕದಲ್ಲಿದೆ? ಗಿರಣಿಯಲ್ಲಿ ಪಾಳಿ ಮುಗಿದರೆ ಕೆಲಸ ಅಲ್ಲೇ ಉಳಿಯುತ್ತಿತ್ತು. ಇವರ ಕೆಲಸ ಜೇಬಿನಲ್ಲೇ ಮನೆಗೆ ಬರುತ್ತದೆ.

ಸಂಬಳ ದಪ್ಪ ಇದೆಯಲ್ಲ ಎನ್ನುವವರೂ ಉಂಟು. ಸಂಬಳ ಕೊಟ್ಟದ್ದು ಕೆಲಸಕ್ಕೆ, ನಿದ್ದೆಗಲ್ಲ. ವಾರಕ್ಕೆ 70 ತಾಸು ಎಂದ ನಾರಾಯಣಮೂರ್ತಿ, 90 ಎಂದ ಎಲ್ ಆ್ಯಂಡ್ ಟಿಯ ಸುಬ್ರಹ್ಮಣ್ಯನ್ ಕಂಪನಿ ಕಟ್ಟಿದವರು, ನಡೆಸುವವರು. ಅವರ ದುಡಿಮೆಯ ಫಲ ಅವರ ಷೇರಿನಲ್ಲಿ ಕಾಣುತ್ತದೆ. ಗ್ರಾಹಕರ ದೂರಿನ ‘ಟಿಕೆಟ್’ ಮುಚ್ಚುವ ಹುಡುಗಿಗೆ ಸಿಗುವುದು ಮತ್ತೊಂದು ಟಿಕೆಟ್.

ಚಳಿಗಾಲದ ಅಧಿವೇಶನ ನಡೆಯುವುದು ಬೆಳಗಾವಿಯ ಸುವರ್ಣಸೌಧದಲ್ಲಿ. ಗೋಕಾಕ, ಅರಭಾವಿ, ಹುಕ್ಕೇರಿ ಶಾಸಕರು ಅಲ್ಲಿ ಎದ್ದು ನಿಂತು ಎರಡು ಮಾತು ಕೇಳಲಿ: ಈ ತಿದ್ದುಪಡಿಯನ್ನು ಪೂರ್ತಿ ಕೈಬಿಡುತ್ತೀರಾ? ಈಗಿರುವ ಒಂಬತ್ತು ತಾಸಿನ ಮಿತಿ ಮುರಿದ ಎಷ್ಟು ಐಟಿ ಕಂಪನಿಗಳ ಮೇಲೆ ಇದುವರೆಗೆ ಕೇಸು ಹಾಕಿದ್ದೀರಿ?